ದೊರೆಗಳ ಮಕ್ಕಳೂ ಜೋಗದ ಗುಂಡಿಯೂ

ವೀಕೆಂಡ್ ಬಂತೆಂದರೆ ಮಕ್ಕಳನ್ನು ಕಾರ್ ಸೀಟಿಗೆ ಕಟ್ಟಿ ನಯಾಗರಾ ಅಂತ ಹೊರಡುವ ನನ್ನ ಅಮೆರಿಕಾ ಗೆಳೆಯರೇ, ಪರದೇಶಕ್ಕೆ ಹೋದವರು ಸಂಸಾರ ಸಮೇತ ಜಲಪಾತ ನೋಡೋದು ಹೊಸದೇನಲ್ಲ. ಒಂದು ಕಾಲಕ್ಕೆ ಬ್ರಿಟಿಷರಿಗೆ ನಮ್ಮ ಸಿದ್ದಾಪುರ ತಾಲೂಕೇ ನಯಾಗರಾ ಆಗಿತ್ತು!

1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಜೋಗದಲ್ಲಿ ಶರಾವತಿಯ ಈಚೆ ದಡ, ಅಂದರೆ ಸಿದ್ದಾಪುರದ ಕಡೆ, ಬೊಂಬಾಯಿ. ಆಚೆ ದಡ ಮೈಸೂರು. ಎರಡೂ ಕಡೆ ಬಂಗಲೆ ಎದ್ದವು. ನಮ್ಮ ಕಡೆಯದಕ್ಕೆ ಬಾಂಬೆ ಬಂಗಲೆ ಅಂತಲೇ ಹೆಸರು ಬಿತ್ತು.

ಕರಾವಳಿಯಿಂದ ಬರೋ ದೊರೆಗಳು ಹೊನ್ನಾವರದಲ್ಲಿ ದೋಣಿ ಹತ್ತಿ ಗೇರುಸೊಪ್ಪೆಯಲ್ಲಿ ಇಳಿಯಬೇಕು. ಮುಂದೆ ಮಲೆಮನೆ ಘಟ್ಟ. ಸಾಹೇಬನಿಗೆ ಕುದುರೆ, ಹೆಂಡತಿ ಮಕ್ಕಳಿದ್ದರೆ ಮೇನೆ. ಮೇನೆ ತಾನಾಗೇ ಘಟ್ಟ ಹತ್ತೋದಿಲ್ಲವಲ್ಲ, ಹೊತ್ತವರು ನಮ್ಮವರು. ಗೆಜೆಟಿಯರಿನಲ್ಲಿ ದಾರಿ, ದೂರ, ಬಂಗಲೆ ಎಲ್ಲ ಇವೆ. ಹೊತ್ತವರ ಹೆಸರು ಮಾತ್ರ ಇಲ್ಲ.

ಅಸಲಿ ಸಾಹಸ ಜೋಗ ಮುಟ್ಟಿದ ಮೇಲೆ. ರಾಜಾ ಧುಮುಕುವ ಬಂಡೆಯ ಅಂಚಿನಲ್ಲಿ ಹೊಟ್ಟೆ ಮೇಲೆ ಮಲಗಿ ಕೆಳಗೆ ಇಣುಕೋದು! 1856ರಲ್ಲಿ ಇಂಡಿಯನ್ ನೇವಿಯ ಇಬ್ಬರು ಅಧಿಕಾರಿಗಳು ಕಂದರಕ್ಕೆ ಅಡ್ಡ ಹಗ್ಗ ಬಿಗಿದು, ತೊಟ್ಟಿಲಲ್ಲಿ ತೂಗಾಡುತ್ತ ಅಳೆದಿದ್ದರು. ಎತ್ತರ 830 ಅಡಿ, ಕೆಳಗಿನ ಗುಂಡಿಯ ಆಳವೇ 132 ಅಡಿ. ಅಂಥಲ್ಲಿ ದೊರೆಯ ತುಂಟ ಮಗುವನ್ನು ಹಿಡಿದು ನಿಂತ ಆಯಾಳ ಎದೆ ಹೇಗೆ ಹೊಡೆದುಕೊಂಡಿರಬೇಡ...

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಬೇಸಿಗೆಯಲ್ಲಿ ಕಾಣೋದು ಬಂಡೆಯೇ ಜಾಸ್ತಿ. ಮಕ್ಕಳನ್ನು ಕರೆತರೋರು ಮಳೆಗಾಲದಲ್ಲೇ ಬನ್ನಿ. ಬೆಳಿಗ್ಗೆ ಮಂಜಿದ್ದರೆ ಸ್ವಲ್ಪ ಕಾಯಬೇಕಾಗುತ್ತೆ, ಅಷ್ಟೇ.