ಹಲವು ಉಳಿಗಳ ಗುಡಿ

ಬೇಲೂರು ಎಂದೊಡನೆ ನಾಲಗೆಗೆ ಬರುವ ಹೆಸರು ಜಕಣಾಚಾರಿ. ಕಲ್ಲಿನೊಳಗೆ ಅಡಗಿದ್ದ ಕಪ್ಪೆ, ತಂದೆಯ ತಪ್ಪನ್ನು ಎತ್ತಿ ತೋರಿದ ಮಗ ಡಂಕಣ, ಕೈ ಕಡಿದುಕೊಂಡ ಶಿಲ್ಪಿ: ಕಥೆ ಸೊಗಸಾಗಿದೆ, ಅದನ್ನು ಬಿಟ್ಟುಕೊಡಬೇಕಾದ ಅಗತ್ಯವೂ ಇಲ್ಲ. ಆದರೆ ಇಡೀ ಗುಡಿಯನ್ನು ಒಬ್ಬನ ಲೆಕ್ಕಕ್ಕೆ ಬರೆದು, ಅಲ್ಲಿ ನಿಜಕ್ಕೂ ನಡೆದ ದೊಡ್ಡ ಸಂಗತಿಯನ್ನು ಅದು ಮರೆಮಾಡುತ್ತದೆ. 1117ರಲ್ಲಿ ಹೊಯ್ಸಳ ಅರಸ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ಗುಡಿಯ ಮದನಿಕೆಗಳ ಪೀಠದಲ್ಲಿ ಕೆತ್ತಿದವರೇ ತಮ್ಮ ಹೆಸರು ಬರೆದಿಟ್ಟಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದಗಿನ ನಾಗೋಜ, ಮಲ್ಲಿಯಣ್ಣ. ಬೇರೆ ಬೇರೆ ಊರುಗಳಿಂದ, ಚಾಲುಕ್ಯರ ನಾಡಿನ ಕೈಪಳಗಿಕೆ ಹೊತ್ತು ಬಂದ ಈ ಬಳಗಗಳಿಗೆ ತಮ್ಮತಮ್ಮದೇ ಹೆಮ್ಮೆ ಇತ್ತು. ಇಷ್ಟು ಜನ ಸೇರಿದಲ್ಲಿ ಯಾರ ಕೆಲಸ ಮೊದಲು, ಯಾರ ಮಾತು ಕೊನೆ ಎಂಬ ಪ್ರಶ್ನೆ ಏಳದೆ ಇರದು. ಹೊಯ್ಸಳ ಗುಡಿಗಳ ಹಿರಿಮೆ ಕೆತ್ತನೆಯ ನಯದಲ್ಲಷ್ಟೇ ಇಲ್ಲ, ಆ ಪ್ರಶ್ನೆಯನ್ನು ಅವರು ಬಗೆಹರಿಸಿಕೊಂಡ ರೀತಿಯಲ್ಲೂ ಇದೆ ಎಂಬುದು ನನ್ನ ವಾದ.

ತಿಕ್ಕಾಟ ಕಲ್ಲಿನಿಂದಲೇ ಶುರುವಾಗುತ್ತದೆ. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆದು. ಗಾಳಿ ಬಿಸಿಲಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಆದ್ದರಿಂದ ರೂವಾರಿಗೆ ಅವಸರ. ಆದರೆ ಗೋಡೆ ಎಬ್ಬಿಸುವವನಿಗೆ ಭಾರ ಸರಿಯಾಗಿ ಕೂರಬೇಕು, ಕೆಳಗಿನ ವರಸೆ ನೆಲೆಯಾಗದೆ ಮೇಲಿನದನ್ನು ಅವನು ಇಡಲಾರ. ಕಟ್ಟಿಸುವವನಿಗೋ ಪ್ರತಿಷ್ಠೆಯ ದಿನ ಮೀರಬಾರದು. ಮೂವರದೂ ನ್ಯಾಯವಾದ ಬೇಡಿಕೆಯೇ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆ ನೋಡಿದರೆ ಇದಕ್ಕೆ ಸಿಕ್ಕ ಉತ್ತರ ತಿಳಿಯುತ್ತದೆ. ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣದ ಕಥೆ, ಮಕರ, ಹಂಸ ಎಂದು ಪಟ್ಟಿಕೆಗಳು ಸಾಗುತ್ತವೆ. ಪಟ್ಟಿಕೆಯ ಎತ್ತರವಾಗಲಿ ಕ್ರಮವಾಗಲಿ ಯಾರ ಇಷ್ಟಕ್ಕೂ ಬಿಟ್ಟದ್ದಲ್ಲ. ಪಟ್ಟಿಕೆಯೊಳಗೆ ಮಾತ್ರ ಒಂದು ಆನೆಯಂತೆ ಇನ್ನೊಂದಿಲ್ಲ. ಪಕ್ಕದವನ ಕೆಲಸಕ್ಕೆ ತಾಗುವ ಅಂಚಿನಲ್ಲಿ ಎಲ್ಲರಿಗೂ ಒಂದೇ ಅಳತೆ. ಆ ಅಂಚಿನೊಳಗೆ ಕೈಗೆ ಪೂರ್ತಿ ಬಿಡುವು. ಮೊದಲು ಕಲ್ಲನ್ನು ಕೂರಿಸಿ, ಕೆತ್ತನೆಯನ್ನು ಆಮೇಲೆ ಮುಗಿಸುತ್ತಿದ್ದುದಕ್ಕೆ ಅರ್ಧಕ್ಕೆ ನಿಂತ ಶಿಲ್ಪಗಳೇ ಸಾಕ್ಷಿ. ಹಾಗಾಗಿ ಒಬ್ಬ ತಡವಾದರೆ ಎಲ್ಲರೂ ಕೈಕಟ್ಟಿ ಕೂರಬೇಕಿರಲಿಲ್ಲ.

ಅರಸೀಕೆರೆಯಲ್ಲಿ ಈ ಒಪ್ಪಂದ ಇನ್ನೂ ಬಿಗಿಯಾಗಿ ಕಾಣುತ್ತದೆ. ಅಲ್ಲಿನ 1220ರ ಈಶ್ವರ ಗುಡಿಯ ಮುಖಮಂಟಪ ಹದಿನಾರು ಮೂಲೆಗಳ ನಕ್ಷತ್ರ. ಒಂದೇ ನಡುಬಿಂದುವಿನ ಸುತ್ತ ಚೌಕವನ್ನು ನಾಲ್ಕು ಸಲ ಸಮನಾಗಿ ತಿರುಗಿಸಿದರೆ ಈ ಆಕಾರ ಬರುತ್ತದೆ. ಬರೆಯಲು ಗೂಟ, ಹಗ್ಗ ಸಾಕು. ಕಲ್ಲಿನಲ್ಲಿ ತರುವಾಗ ಒಂದು ಮೂಲೆ ಬೆರಳಿನಷ್ಟು ಓರೆಯಾದರೂ ಹದಿನಾರನೆಯದು ಮೊದಲನೆಯದಕ್ಕೆ ಬಂದು ಕೂಡುವುದಿಲ್ಲ. ಇಂಥ ಕಟ್ಟಡದಲ್ಲಿ ಪ್ರತಿಯೊಬ್ಬನ ನಿಖರತೆ ಉಳಿದವರ ಹಕ್ಕು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಆ ರೂವಾರಿಗಳು ಬಿರುದು ಬಾವಲಿ ಕಟ್ಟಿಕೊಂಡು, ಇತರ ಶಿಲ್ಪಿಗಳನ್ನು ಸೋಲಿಸಿದೆವೆಂದು ಕಲ್ಲಿನಲ್ಲೇ ಕೊಚ್ಚಿಕೊಂಡವರಲ್ಲವೇ, ಇದನ್ನು ಸಹಕಾರ ಎನ್ನುವುದು ಹೇಗೆ? ನಿಜ, ಪೈಪೋಟಿ ಇತ್ತು. ಆದರೆ ಅದು ನಡೆದ ಜಾಗ ಗಮನಿಸಿ. ಮದನಿಕೆಗಳಲ್ಲಿ ನಾಲ್ಕು ದಾಸೋಜನವು, ಐದು ಚಾವಣನವು ಎನ್ನುತ್ತಾರೆ. ತಂದೆ ಮಗ ಇಬ್ಬರೂ ಹೆಸರು ಗಳಿಸಿದ್ದು ಕಂಬ ಮತ್ತು ಸೂರಿನ ನಡುವೆ ಅಳೆದು ಕೊಟ್ಟ ಓರೆ ಜಾಗದಲ್ಲಿ. ತನ್ನ ಮದನಿಕೆ ಮೆರೆಯಲೆಂದು ಯಾರೂ ಸೂರನ್ನು ಮೇಲೆತ್ತಲಿಲ್ಲ. ಹೆಸರಿಗೆ ಜಾಗವೇ ಇಲ್ಲದಿದ್ದರೆ ಆ ಹಂಬಲ ಅಳತೆಯನ್ನೇ ಮುರಿಯುತ್ತಿತ್ತೇನೋ.

ಅರಸನ ಆಜ್ಞೆಯೇ ಎಲ್ಲವನ್ನೂ ಹೊಂದಿಸಿತು ಎಂಬುದು ಇನ್ನೊಂದು ಮಾತು. ಬೇಲೂರಿಗೆ ಅದು ಸ್ವಲ್ಪ ಹೊಂದೀತು. ಆದರೆ 1121ರ ಹೊತ್ತಿಗೆ ಹಳೇಬೀಡಿನ ಹೊಯ್ಸಳೇಶ್ವರವನ್ನು ಕಟ್ಟಿಸಲು ಮುಂದಾದವನು ಅಧಿಕಾರಿ ಕೇತಮಲ್ಲ. ಕೆಲಸ ಒಂದನೆಯ ನರಸಿಂಹನ ಕಾಲಕ್ಕೂ ಸಾಗಿತು. ಮಲ್ಲಿತಮ್ಮ ಎಂಬ ರೂವಾರಿಯ ಹೆಸರಂತೂ 1196ರ ಅಮೃತಾಪುರದಿಂದ 1258ರ ಸೋಮನಾಥಪುರದವರೆಗೆ ಸಿಗುತ್ತದೆ. ಅವೆರಡೂ ದಂಡನಾಯಕರು ಕಟ್ಟಿಸಿದ ಗುಡಿಗಳು. ಅರಸರು ಬದಲಾದರು, ಕಟ್ಟಿಸುವವರು ಬದಲಾದರು, ಹಳೇಬೀಡಿನಲ್ಲೇ ಶಿವಾಲಯದ ಜೊತೆಗೆ 1133ರ ಪಾರ್ಶ್ವನಾಥ ಬಸದಿಯೂ ಎದ್ದಿತು. ಉಳಿದು ಬಂದದ್ದು ಕೆಲಸಗಾರರ ನಡುವಿನ ಕಟ್ಟಳೆ.

ಇದು ಬೆಲೆಯಿಲ್ಲದೆ ಸಿಕ್ಕದ್ದಲ್ಲ. ಬೇಲೂರಿನ ನವರಂಗ ಮೊದಲು ತೆರೆದೇ ಇತ್ತು. ಪ್ರತಿಷ್ಠೆ ಮೊದಲು, ಮರೆ ಆಮೇಲೆ ಎಂದಾಯಿತು. ಹೊರಗಂಬಗಳ ನಡುವಿನ ಜಾಲಂಧ್ರಗಳು ಇಮ್ಮಡಿ ಬಲ್ಲಾಳನ ಕಾಲದಲ್ಲಿ ಬಂದವು. ಕಾವಲು ಸಿಕ್ಕಿತು, ಆದರೆ ಕಡೆದು ನುಣುಪು ಮಾಡಿದ ಒಳಗಂಬಗಳ ಮೇಲೆ ಮೊದಲು ಬೀಳುತ್ತಿದ್ದ ಬೆಳಕು ಕುಗ್ಗಿತು. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ. ಹಳೇಬೀಡಿನ ಗುಡಿಗೆ ಇಂದು ಶಿಖರವಿಲ್ಲ, ಕೆಲವೆಡೆ ಕೆತ್ತನೆ ಅರ್ಧಕ್ಕೇ ನಿಂತಿದೆ. ಹಾಗಿದ್ದೂ ಅದನ್ನು ಸೋಲೆನ್ನಲು ಮನಸ್ಸು ಒಪ್ಪದು. ಎಲ್ಲರೂ ಸೇರಿ ಮುಗಿಸಬೇಕಾದ ಅಡಿಪಟ್ಟಿಕೆಗಳಿಗೆ ಮೊದಲ ಪಾಲಿನ ದುಡಿಮೆ ಸಂದಿದೆ. ಕೊರತೆ ಬಿದ್ದದ್ದು ಮೇಲೆ, ಒಬ್ಬೊಬ್ಬನ ಕೈಚಳಕ ಮೆರೆಯಬೇಕಿದ್ದ ಕಡೆ. ಮೂಡಲ ಬಾಗಿಲಿನಿಂದ ಗೋಡೆಯ ಮೂಲೆಮೂಲೆಗೂ ತಿರುಗುತ್ತ ನಡೆದರೆ, ಆ ಆನೆಗಳ ಸಾಲು ಒಂದೇ ಎತ್ತರದಲ್ಲಿ ಜೊತೆಗೆ ಬರುತ್ತದೆ.