ಪರಭಕ್ಷಕ ಪ್ರಾಣಿಗಳು

ಇತರ ಪ್ರಾಣಿಗಳನ್ನು ಬೇಟೆಯಾಡಿ, ಕೊಂದು ತಿಂದು ಬದುಕುವ ಜೀವಿಗಳು. ಹುಲಿ, ಚಿರತೆ, ತೋಳ, ಹದ್ದು, ಮೊಸಳೆ, ನಾಗರಹಾವು ಈ ಗುಂಪಿಗೆ ಸೇರುತ್ತವೆ. ಸತ್ತ ಪ್ರಾಣಿಯನ್ನಷ್ಟೇ ತಿನ್ನುವ ರಣಹದ್ದು, ಆತಿಥೇಯ ಜೀವಿಯ ಮೈಯಲ್ಲೇ ಬದುಕುವ ಉಣ್ಣೆ ಇದರಲ್ಲಿ ಸೇರುವುದಿಲ್ಲ.

ಪರಭಕ್ಷಕಗಳ ನೆಲೆಗೆ ಒಂದು ಉದಾಹರಣೆ: ಹುಬ್ಬಳ್ಳಿ–ಧಾರವಾಡ ನಡುವಿನ ರಾಯಾಪುರದ ಸುತ್ತಣ ಪ್ರದೇಶ ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಸೆರಗು. ಪಶ್ಚಿಮದ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹುಲಿ, ಚಿರತೆ, ಸೀಳುನಾಯಿಗಳಿವೆ. ಪೂರ್ವದ ಹುಲ್ಲುಗಾವಲು, ಕುರುಚಲು ಕಾಡುಗಳು ತೋಳ, ನರಿಗಳ ನೆಲೆ. 2021ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಬಳಿ ಚಿರತೆ ಕಾಣಿಸಿಕೊಂಡಿತ್ತು. ಅದೇ ತಿಂಗಳು ಧಾರವಾಡ ಸಮೀಪದ ಕವಲಗೇರಿಯಲ್ಲಿ ಚಿರತೆಯೊಂದು ಬೋನಿಗೆ ಬಿತ್ತು.

ಪರಭಕ್ಷಕಗಳು ಜಿಂಕೆ, ಕಾಡುಹಂದಿ, ಇಲಿಗಳ ಸಂಖ್ಯೆಯನ್ನು ಹತೋಟಿಯಲ್ಲಿಡುತ್ತವೆ. ಕೇರೆಹಾವು, ಗೂಬೆಗಳು ಹೊಲದ ಇಲಿಗಳನ್ನು ಹಿಡಿದು ರೈತನ ಬೆಳೆ ಉಳಿಸುತ್ತವೆ. ಹುಲ್ಲುಗಾವಲು ಉಳುಮೆಗೆ, ಬಡಾವಣೆಗೆ ಒಳಗಾಗಿ ಬೇಟೆಯ ಕಾಡುಪ್ರಾಣಿಗಳು ಕಡಿಮೆಯಾದಾಗ ತೋಳಗಳು ಕುರಿಹಟ್ಟಿಗೆ ನುಗ್ಗುತ್ತವೆ. ಕುರಿಗಾರರ ನಷ್ಟಕ್ಕೆ ಬೇಗ ಪರಿಹಾರ ಸಿಗುವುದು ತೋಳದ ಉಳಿವಿಗೂ ಅಗತ್ಯ.

ಹುಲಿ, ಚಿರತೆ, ತೋಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಡಿ ರಕ್ಷಣೆಯಿದೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮವಿದೆ.