ಪಂದ್ಯದ ವೇಳೆ ಎಮರ್ಜೆನ್ಸಿ ಖಾಲಿ, ಗೆದ್ದ ಮೇಲೆ?

ವೀಕ್ಷಕರೇ, ಟಿವಿ ರೇಟಿಂಗ್ ಅಂದ್ರೆ ನಮ್ಮಂಥವರಿಗೆ ಜಾಹೀರಾತಿನ ಲೆಕ್ಕ. ಅದೇ ಲೆಕ್ಕ ಇಟ್ಕೊಂಡು ಆಸ್ಪತ್ರೆಯ ಸ್ಥಿತಿಯನ್ನೂ ಓದಬಹುದು ಅಂತ ತೋರಿಸಿದ್ದು ಅಮೆರಿಕದ ಬಾಸ್ಟನ್.

2004ರ ಅಕ್ಟೋಬರ್. ಅಲ್ಲಿನ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್ 1918ರ ನಂತರ ಕಪ್ ಗೆದ್ದೇ ಇರಲಿಲ್ಲ. 86 ವರ್ಷ! ಬದ್ಧವೈರಿ ನ್ಯೂಯಾರ್ಕ್ ಯಾಂಕೀಸ್ ಎದುರು 0-3 ಹಿಂದಿದ್ದವರು ಸತತ ನಾಲ್ಕು ಪಂದ್ಯ ಗೆದ್ದು ಫೈನಲ್ ಸರಣಿಗೆ ಹೋದರು. ಅಲ್ಲಿಯೂ ನಾಲ್ಕಕ್ಕೆ ನಾಲ್ಕು. ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯ ಸಂಶೋಧಕರು ಆ ಭಾಗದ ಆರು ಎಮರ್ಜೆನ್ಸಿ ವಿಭಾಗಗಳ ದಾಖಲೆಯನ್ನು ಟಿವಿ ರೇಟಿಂಗ್ ಪಕ್ಕ ಇಟ್ಟು ನೋಡಿದರು. ನಾನು ಇಂಜಿನಿಯರಿಂಗ್ ಓದಿದವನು, ಇಂಥ ಗ್ರಾಫ್ ನೋಡಿದರೆ ಖುಷಿಯಾಗುತ್ತೆ. ಒಂದು ಗೆರೆ ಏರಿದಾಗ ಇನ್ನೊಂದು ಇಳಿಯುತ್ತೆ. ನಿರ್ಣಾಯಕ ಪಂದ್ಯಗಳ ಹೊತ್ತಿಗೆ ಬರುವವರ ಸಂಖ್ಯೆ ನಿರೀಕ್ಷೆಗಿಂತ ಸುಮಾರು 15% ಕಡಿಮೆ.

ಯಾಕೆ? ಎಲ್ಲರೂ ಮನೆಯಲ್ಲಿದ್ದರೆ ಬೀಳೋದು, ಏಟು ಮಾಡ್ಕೊಳ್ಳೋದು ಕಡಿಮೆ ಆಗಬಹುದು. ಇನ್ನೊಂದು ಸಾಧ್ಯತೆ ಸ್ವಲ್ಪ ಕಹಿ: ‘ಮ್ಯಾಚ್ ಮುಗೀಲಿ, ಆಮೇಲೆ ಹೋಗೋಣ’. ದೊಡ್ಡವರ ಬೆನ್ನುನೋವು ಕಾಯುತ್ತೆ. ಮಗುವಿನ ಉಬ್ಬಸ ಕೊನೇ ಓವರ್‌ವರೆಗೆ ಕಾಯಲ್ಲ.

ಆದರೆ ಅಸಲಿ ಅಪಾಯ ಟಿವಿ ಆಫ್ ಆದ ಮೇಲೆ. ಯಾಂಕೀಸ್ ಸೋತ ರಾತ್ರಿ ಕ್ರೀಡಾಂಗಣದ ಹೊರಗೆ ಜನ ಸೇರಿದರು. ಗುಂಪು ಚದುರಿಸಲು ಪೊಲೀಸರು ಹಾರಿಸಿದ ಪೆಪ್ಪರ್ ಗುಂಡು ತಗುಲಿ 21 ವರ್ಷದ ವಿದ್ಯಾರ್ಥಿನಿ ಸತ್ತಳು. ಒಂಬತ್ತು ದಿನಗಳ ನಂತರ, ಅಕ್ಟೋಬರ್ 30ರಂದು ಅದೇ ಊರು ವಿಜಯೋತ್ಸವ ಮಾಡಿತು. ಕಪ್ ಗೆದ್ದ ಮೂರನೇ ದಿನ, ಶನಿವಾರ. ಆಟಗಾರರು ವಾಹನಗಳಲ್ಲಿ ಮೈಲಿಗಟ್ಟಲೆ ಸಾಗಿದರು, ಚಾರ್ಲ್ಸ್ ನದಿಯಲ್ಲೂ ಹೋದರು. ಲಕ್ಷಾಂತರ ಜನ ಒಂದೇ ಬಾಗಿಲಿಗೆ ನುಗ್ಗದೆ ದಾರಿಯುದ್ದಕ್ಕೂ ಹಂಚಿಹೋದರು.

ಈಗ ನಮ್ಮ ಲೆಕ್ಕ ನೋಡಿ. 2025ರ ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ 18 ವರ್ಷಗಳ ಕಾಯುವಿಕೆ ಮುಗಿಸಿತು. ಇಪ್ಪತ್ನಾಲ್ಕು ಗಂಟೆ ಕಳೆಯುವ ಮೊದಲೇ ಬೆಂಗಳೂರಲ್ಲಿ ಸಂಭ್ರಮ. ಸುಮಾರು 35 ಸಾವಿರ ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದತ್ತ ಲಕ್ಷಗಟ್ಟಲೆ ಜನ. ಗೇಟಿನ ಬಳಿ ಕಾಲ್ತುಳಿತ, 11 ಸಾವು. ಅವರಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿಯೂ ಇದ್ದಳು. ಗಾಯಾಳುಗಳಿಂದ ಬೌರಿಂಗ್, ವೈದೇಹಿ ಆಸ್ಪತ್ರೆಗಳ ಎಮರ್ಜೆನ್ಸಿ ತುಂಬಿತು.

‘ಕಾಲ್ತುಳಿತ’ ಅನ್ನೋ ಪದವೇ ದಾರಿ ತಪ್ಪಿಸುತ್ತೆ. ಇಂಥ ಕಡೆ ಎಷ್ಟೋ ಜನ ಸಾಯೋದು ಕಾಲ್ಕೆಳಗೆ ಬಿದ್ದಲ್ಲ. ನಾಲ್ಕೂ ಕಡೆಯಿಂದ ಒತ್ತಡ ಬಿದ್ದು ಎದೆ ಅರಳಲಾಗದೆ, ನಿಂತಲ್ಲೇ. ದೊಡ್ಡವರ ಮೊಣಕೈ ಎತ್ತರಕ್ಕೆ ಮುಖ ಇರುವ ಮಗುವಿನ ಗತಿ ನೀವೇ ಊಹಿಸಿ.

ಸಂಭ್ರಮ ಬೇಡ ಅಂತ ನಾನು ಹೇಳ್ತಿಲ್ಲ. ಬಾಸ್ಟನ್ ಒಂದು ಸಾವಾದ ಒಂಬತ್ತೇ ದಿನಕ್ಕೆ ಬೇರೆ ರೀತಿ ಸಂಭ್ರಮಿಸಿತು. ಮುಂದಿನ ಕಪ್ ಬರುವಾಗ ನಮ್ಮ ಸರ್ಕಾರ, ಪೊಲೀಸರು, ಆಯೋಜಕರು ಉತ್ತರ ಕೊಡಬೇಕಾದ ಪ್ರಶ್ನೆ ಇಷ್ಟೇ: ದಿನ ಯಾವುದು, ದಾರಿ ಯಾವುದು, ಮಗು ಎತ್ತಿಕೊಂಡ ತಾಯಿ ಹೊರಗೆ ಬರೋದು ಯಾವ ಗೇಟಿಂದ?